ನಕ್ಷೆಯಲ್ಲಿ ತಣ್ಣಗಿದ್ದ ವಠಾರ

ಗೊರಗುಂಟೆಪಾಳ್ಯದ ಒಂದು ಭಾಗ ನಕ್ಷೆಯಲ್ಲಿ ನೀಲಿಯಾಗಿತ್ತು. ನಮ್ಮ ನಕ್ಷೆಯಲ್ಲಿ ನೀಲಿ ಎಂದರೆ ತಂಪು, ಕೆಂಪು ಎಂದರೆ ಬಿಸಿ. ಹೆಬ್ಬಾಳ ಕೆರೆ ನೀಲಿಯಾಗಿತ್ತು, ಅದು ಸರಿ. ಮರಗಳಿರುವ ಕಾಲೇಜು ಆವರಣಗಳು ತಿಳಿನೀಲಿಯಾಗಿದ್ದವು, ಅದೂ ಸರಿ. ಆದರೆ ತುಮಕೂರು ರಸ್ತೆಯ ಪಕ್ಕದಲ್ಲಿ, ಒಂದು ಮರವೂ ಇಲ್ಲದ, ಸಣ್ಣ ಕಾರ್ಖಾನೆಗಳೂ ವಠಾರಗಳೂ ಒಂದಕ್ಕೊಂದು ಅಂಟಿಕೊಂಡಿರುವ ಜಾಗ ಕೆರೆಯ ಹಾಗೆ ತಣ್ಣಗಿರಲು ಕಾರಣವೇ ಇರಲಿಲ್ಲ.

ಅದು 2017ರ ಬೇಸಿಗೆ. ಉತ್ತರ ಬೆಂಗಳೂರಿನಲ್ಲಿ ಬಿಸಿ ಎಲ್ಲೆಲ್ಲಿ ಹೆಚ್ಚು ನಿಲ್ಲುತ್ತದೆ ಎಂದು ಉಪಗ್ರಹದ ಚಿತ್ರಗಳಿಂದ ಗುರುತಿಸಿ, ಅಲ್ಲಿ ಹಸಿರು ಬೆಳೆಸುವ ಕೆಲಸವೊಂದನ್ನು ಸರ್ಕಾರದ ಒಂದು ಇಲಾಖೆ ನಮ್ಮ ಸಂಸ್ಥೆಗೆ ಕೊಟ್ಟಿತ್ತು. ಹೆಬ್ಬಾಳದಲ್ಲಿ ಬಾಡಿಗೆಯ ಎರಡು ಕೋಣೆಗಳಲ್ಲಿದ್ದ ಸಣ್ಣ ಸಂಸ್ಥೆ ಅದು. ಚಿತ್ರಗಳನ್ನು ಓದಿ ನಕ್ಷೆ ಮಾಡುವ ಕೆಲಸ ನನ್ನದು. ಎಲ್ಲಿ ಯಾವ ಗಿಡ ನೆಡಬೇಕೆಂದು ಹೇಳುವವರು ನಮ್ಮ ತೋಟಗಾರಿಕೆಯ ಸಹೋದ್ಯೋಗಿ. ಸೋಲದೇವನಹಳ್ಳಿ ಕಡೆಯವರು, ಐವತ್ತು ದಾಟಿದವರು, ಅಲ್ಲೇ ಅವರ ಮನೆಯವರ ನರ್ಸರಿಯೂ ಇತ್ತು. ಇಬ್ಬರ ಮೇಲೂ ಸಂಸ್ಥೆಯ ನಿರ್ದೇಶಕರು.

ನಮಗೆ ಸಿಗುತ್ತಿದ್ದ ಉಪಗ್ರಹ ಹದಿನಾರು ದಿನಕ್ಕೊಮ್ಮೆ ನಮ್ಮ ಊರಿನ ಮೇಲೆ ಬರುತ್ತಿತ್ತು. ಬಂದ ದಿನ ಮೋಡವಿದ್ದರೆ ಆ ಚಿತ್ರ ಕೆಲಸಕ್ಕೆ ಬಾರದು. ಆ ಬೇಸಿಗೆಯಲ್ಲಿ ಮೋಡವಿಲ್ಲದ ಕೆಲವೇ ಚಿತ್ರಗಳು ಸಿಕ್ಕಿದ್ದವು. ಎಲ್ಲದರಲ್ಲೂ ಅತಿ ಕೆಂಪಾಗಿ ಕಂಡದ್ದು ಯಲಹಂಕದ ಹತ್ತಿರದ ಒಂದು ಖಾಲಿ ಮೈದಾನ. ಮೊದಲ ಗಿಡ ನೆಡುವ ಜಾಗ ಅದೇ ಎಂದು ನಿರ್ದೇಶಕರು ಆಗಲೇ ಇಲಾಖೆಗೆ ಬಾಯಿಮಾತಿನಲ್ಲಿ ಹೇಳಿಬಿಟ್ಟಿದ್ದರು. ಜಾಗ ಸರ್ಕಾರದ್ದು, ಯಾರ ತಕರಾರೂ ಇಲ್ಲ, ಫೋಟೋಗೂ ಚೆನ್ನಾಗಿರುತ್ತದೆ.

ಆ ನೀಲಿ ತುಂಡು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಲೆಕ್ಕ ಮತ್ತೆ ಮಾಡಿದೆ, ಅದೇ ಉತ್ತರ ಬಂತು. ಏಪ್ರಿಲ್ ಮೊದಲ ವಾರ ಸಹೋದ್ಯೋಗಿಯನ್ನು ಕರೆದುಕೊಂಡು ಮಧ್ಯಾಹ್ನ ಅಲ್ಲಿಗೆ ಹೋದೆ.

ಮೆಟ್ರೋ ಹಳಿಯ ಕೆಳಗಿನ ನೆರಳಿನಲ್ಲಿ ಹೆಂಗಸರು, ಮಕ್ಕಳು ಗೋಣಿಚೀಲ ಹಾಸಿಕೊಂಡು ಕೂತಿದ್ದರು. ಯಾರದೋ ಮದುವೆಗೆ ಹೊರಟು ಬಸ್ಸಿಗೆ ಕಾಯುತ್ತಿರಬೇಕು ಎಂದುಕೊಂಡೆ. ಆಮೇಲೆ ತಿಳಿಯಿತು, ಬೇಸಿಗೆಯಲ್ಲಿ ಅವರು ಅಲ್ಲಿ ದಿನವೂ ಹಾಗೇ ಕೂರುತ್ತಾರೆ. ಮನೆಯೊಳಗೆ ಇರಲಾಗುವುದಿಲ್ಲ.

ಅಲ್ಲಿಂದ ಒಳಗಿನ ಎರಡನೇ ಗಲ್ಲಿಯಲ್ಲಿ ನಕ್ಷೆಯ ನೀಲಿಯ ನಡುವೆ ಬೀಳುವ ಒಂದು ವಠಾರವಿತ್ತು. ಎದುರುಬದುರು ಎರಡು ಸಾಲು ಒಂಟಿ ಕೋಣೆಯ ಮನೆಗಳು, ನಡುವೆ ಒಂದು ಕೊಳಾಯಿ, ಎಲ್ಲದರ ಮೇಲೂ ಹೊಳೆಯುವ ತಗಡಿನ ಶೀಟು. ಕೊನೆಯ ಮನೆಯ ಬಾಗಿಲಲ್ಲಿ, ಗೋಡೆಯ ಗೇಣುದ್ದದ ನೆರಳಿಗೆ ಮೈ ಸೇರಿಸಿಕೊಂಡು ಒಬ್ಬಾಕೆ ಹೊಲಿಗೆ ಯಂತ್ರ ತುಳಿಯುತ್ತಿದ್ದರು. ನಮ್ಮ ಕೊರಳಿನ ಕಾರ್ಡು ನೋಡಿ ನಿಲ್ಲಿಸಿದರು.

"ಏನ್ ಮೇಡಂ, ಕರೆಂಟ್ ಆಫೀಸಾ?"

"ಅಲ್ಲಮ್ಮ. ಮನೆ ಎಷ್ಟು ಬಿಸಿ ಆಗತ್ತೆ ಅಂತ ಅಳೀಬೇಕಿತ್ತು."

"ಅಳೀರಿ. ಆದ್ರೆ ಒಳಗೆ ಮಾತ್ರ ಬೇಡ, ನಮ್ಮನೆಯವರು ಮಲಗವ್ರೆ. ಮಲಗವ್ರೆ ಅನ್ನೋದಷ್ಟೇ, ನಿದ್ದೆ ಎಲ್ಲಿ ಬರತ್ತೆ?"

ಬಾಗಿಲ ಸಂದಿಯಿಂದ ನೋಡಿದೆ. ನೆಲದ ಮೇಲೆ ಒದ್ದೆ ಟವೆಲ್ ಹೊದ್ದು ಒಬ್ಬರು ಹೊರಳಾಡುತ್ತಿದ್ದರು. ಆಕೆಯ ಗಂಡ ಪೀಣ್ಯದಲ್ಲಿ ಲೋಹದ ಬಿಡಿಭಾಗ ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಹಗಲು ಮಲಗಬೇಕು. ಫೆಬ್ರವರಿ ಕಳೆದರೆ ಆ ಮನೆಯಲ್ಲಿ ಹಗಲು ನಿದ್ದೆ ಇಲ್ಲ. ಹಿಂದಿನ ತಿಂಗಳು ಮಿಷನ್ ಮುಂದೆಯೇ ತೂಕಡಿಸಿ ಎಡಗೈಯ ಎರಡು ಬೆರಳಿಗೆ ಏಟು ಮಾಡಿಕೊಂಡಿದ್ದರು.

"ಬೆರಳು ಉಳೀತು, ಪುಣ್ಯ" ಎಂದರು ಆಕೆ. "ಸೂಪರ್‌ವೈಸರು ಹೇಳವ್ರೆ, ಇನ್ನೊಂದ್ ಸಲ ಹಿಂಗಾದ್ರೆ ಬರ್ಬೇಡ ಅಂತ."

ನನ್ನ ಬಳಿ ದೂರದಿಂದಲೇ ಬಿಸಿ ಅಳೆಯುವ ಒಂದು ಗನ್ ಇತ್ತು. ಗುಂಡಿ ಒತ್ತಿದರೆ ಎದುರಿನ ವಸ್ತುವಿನ ತಾಪ ತೋರಿಸುತ್ತದೆ. ಶೀಟಿನ ಕಡೆ ಹಿಡಿದೆ. ಇಪ್ಪತ್ತಾರು ಡಿಗ್ರಿ. ಬೆಳಗಿನ ಜಾವದ ತಂಪು ಅದು. ನನ್ನ ಸಹೋದ್ಯೋಗಿ ಕುರ್ಚಿ ಹತ್ತಿ ಶೀಟಿನ ಅಂಚನ್ನು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡರು.

"ಅಯ್ಯಪ್ಪಾ! ದೋಸೆ ಹುಯ್ಯಬೋದು ಇದ್ರ ಮೇಲೆ. ನಿನ್ ಮಿಷನ್ ಕೆಟ್ಟೋಗೈತೆ ಕಣಮ್ಮ."

ಗೋಡೆಗೆ ಹಿಡಿದು ನೋಡಿದೆ, ಸರಿಯಾಗಿ ತೋರಿಸಿತು. ನೆಲಕ್ಕೆ ಹಿಡಿದೆ, ಅಲ್ಲೂ ಸರಿ. ಮತ್ತೆ ಶೀಟಿಗೆ ಹಿಡಿದರೆ ಇಪ್ಪತ್ತಾರು. ಆಗ ನನಗೆ ವಿಷಯ ಹೊಳೆಯಿತು. ಗನ್ನೂ ಉಪಗ್ರಹವೂ ಬಿಸಿಯನ್ನು ಮುಟ್ಟಿ ನೋಡುವುದಿಲ್ಲ. ವಸ್ತುವಿನಿಂದ ಹೊರಡುವ ಶಾಖದ ಕಿರಣವನ್ನು ಅಳೆದು, ಅದರಿಂದ ತಾಪವನ್ನು ಲೆಕ್ಕ ಹಾಕುತ್ತವೆ. ಮಣ್ಣು, ಕಾಂಕ್ರೀಟು, ಎಲೆ, ಇವು ತಮ್ಮ ಶಾಖವನ್ನು ಧಾರಾಳವಾಗಿ ಹೊರಗೆ ಬಿಡುತ್ತವೆ. ಹೊಳೆಯುವ ಲೋಹ ಬಿಡುವುದು ಸ್ವಲ್ಪವೇ. ಬದಲಿಗೆ ಕನ್ನಡಿಯ ಹಾಗೆ ಮೇಲಿನ ತಣ್ಣಗಿನ ಆಕಾಶವನ್ನು ತೋರಿಸುತ್ತದೆ. ಇದನ್ನು ಓದಿ ಪರೀಕ್ಷೆಯಲ್ಲಿ ಬರೆದವಳೇ ನಾನು. ಆದರೆ ಲೆಕ್ಕದಲ್ಲಿ ಎಲ್ಲರ ಹಾಗೆ ನಾವೂ, ಎಷ್ಟು ಶಾಖ ಹೊರಬಿಡುತ್ತವೆ ಎಂಬುದಕ್ಕೆ ಕಟ್ಟಡಗಳಿಗೆಲ್ಲ ಒಂದೇ ಸಂಖ್ಯೆ ಹಾಕಿದ್ದೆವು. ಕಾಂಕ್ರೀಟಿಗೆ ಹೊಂದುವ ಸಂಖ್ಯೆ ಅದು.

ಮೂಲೆಯ ಎಲೆಕ್ಟ್ರಿಕಲ್ ಅಂಗಡಿಯಿಂದ, ಕಾಂಕ್ರೀಟಿನ ಹಾಗೆ ಶಾಖ ಹೊರಬಿಡುವ ಕಪ್ಪು ಇನ್ಸುಲೇಷನ್ ಟೇಪ್ ತಂದು ಶೀಟಿಗೆ ಅಂಟಿಸಿದೆವು. ಟೇಪು ಶೀಟಿನಷ್ಟೇ ಬಿಸಿಯಾಗುವವರೆಗೆ ಕಾದು, ಗನ್ನನ್ನು ಟೇಪಿನ ಕಡೆಗೆ ಹಿಡಿದೆ. ಅರವತ್ತರ ಹತ್ತಿರ ತೋರಿಸಿತು.

ಕಚೇರಿಗೆ ಮರಳಿ ಹೆಚ್ಚು ಸ್ಪಷ್ಟವಾದ ಇನ್ನೊಂದು ಚಿತ್ರದಲ್ಲಿ ಛಾವಣಿಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಯಶವಂತಪುರದಿಂದ ಪೀಣ್ಯದವರೆಗೆ ನಮ್ಮ ನಕ್ಷೆಯ ನೀಲಿ ತುಂಡುಗಳಲ್ಲಿ ಬಹುಪಾಲು ತಗಡಿನ ಶೀಟುಗಳೇ. ಸಮಯದ ಸಮಸ್ಯೆಯೂ ಇತ್ತು. ಉಪಗ್ರಹ ನಮ್ಮ ಊರಿನ ಮೇಲೆ ಹಾಯುವುದು ಬೆಳಗ್ಗೆ ಹತ್ತೂವರೆಯ ಸುಮಾರಿಗೆ. ಶೀಟಿನ ಮನೆ ಬೇಯುವುದು ಮಧ್ಯಾಹ್ನ ಎರಡರ ಮೇಲೆ.

ಸೋಮವಾರ ಇಲಾಖೆಯಲ್ಲಿ ಸಭೆ ನಿಗದಿಯಾಗಿತ್ತು. ಶುಕ್ರವಾರ ನಿರ್ದೇಶಕರ ಕೋಣೆಗೆ ಹೋದೆ.

"ಸರ್, ಈ ನಕ್ಷೆ ಕೊಡೋಕಾಗಲ್ಲ."

"ಯಾಕಮ್ಮಾ? ಎಲ್ಲಾ ಮುಗೀತಲ್ಲ?"

ಶೀಟಿನ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಅರ್ಥವಾಗದವರೇನಲ್ಲ, ನನಗಿಂತ ಮೊದಲೇ ಈ ವಿದ್ಯೆ ಕಲಿತವರು.

"ಎಲ್ಲರೂ ಇದೇ ಮೆಥಡ್ ಬಳಸ್ತಾರೆ. ನಾವೊಬ್ರೇ ಬೇರೆ ಮಾಡಿದ್ರೆ ಯಾಕೆ ಅಂತ ಕೇಳ್ತಾರೆ" ಎಂದರು.

"ಕೇಳಲಿ ಸರ್. ಉತ್ತರ ಇದೆಯಲ್ಲ."

"ಉತ್ತರ ಇದೆ. ಮುಂದಿನ ಕೆಲಸ ಇರಲ್ಲ. ಉಪಗ್ರಹ ನಂಬಬೇಡಿ ಅಂತ ಉಪಗ್ರಹದ ಕಂಪನಿನೇ ಹೇಳಿದ್ರೆ, ನಮ್ಮನ್ನ ಯಾಕೆ ಇಟ್ಕೋತಾರೆ?"

ಅವರ ಭಯ ಸುಳ್ಳಾಗಿರಲಿಲ್ಲ. ನಮ್ಮೆಲ್ಲರ ಸಂಬಳ ಆ ಇಲಾಖೆಯ ಕೆಲಸದ ಮೇಲೇ ನಿಂತಿತ್ತು. ಹಾಗಿದ್ದರೆ ಈ ನಕ್ಷೆಯ ಕೆಳಗೆ ತಯಾರಿಸಿದವರು ಎಂಬಲ್ಲಿ ನನ್ನ ಹೆಸರು ಹಾಕುವುದು ಬೇಡ ಎಂದೆ. ಜಗಳಕ್ಕೆಂದು ಹೇಳಿದ್ದಲ್ಲ. ಅವರು ಕಿಟಕಿಯಾಚೆ ಫ್ಲೈಓವರಿನ ಮೇಲಿನ ವಾಹನಗಳನ್ನು ನೋಡುತ್ತ ಕೂತರು.

"ಮೀಟಿಂಗ್ ಮುಂದಕ್ಕೆ ಹಾಕಿಸ್ತೀನಿ" ಎಂದರು ಕೊನೆಗೆ. "ಸರಿಯಾಗಿ ಮಾಡ್ಕೊಂಡ್ ಬನ್ನಿ."

ಸರಿಯಾಗಿ ಮಾಡುವುದು ನಾನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಶೀಟುಗಳಿಗೆ ಬೇರೆ ಸಂಖ್ಯೆ ಹಾಕಿದರಾಯಿತು ಎಂದುಕೊಂಡಿದ್ದೆ. ಹೊಸ ಶೀಟಿಗೆ ಒಂದು ಸಂಖ್ಯೆ, ತುಕ್ಕು ಹಿಡಿದದ್ದಕ್ಕೆ ಇನ್ನೊಂದು, ಬಣ್ಣ ಬಳಿದದ್ದಕ್ಕೆ ಮತ್ತೊಂದು. ಒಂದೇ ವಠಾರದಲ್ಲಿ ಮೂರೂ ಇದ್ದವು. ಸಂಖ್ಯೆ ಸ್ವಲ್ಪ ಬದಲಿಸಿದರೆ ನೀಲಿ ಇದ್ದದ್ದು ಕಡುಕೆಂಪಾಗುತ್ತಿತ್ತು. ಬೇಕಾದ ಬಣ್ಣ ಬರುವವರೆಗೆ ಸಂಖ್ಯೆ ತಿರುಗಿಸುತ್ತ ಕೂತರೆ ಹಳೆಯ ನಕ್ಷೆಗೂ ಇದಕ್ಕೂ ವ್ಯತ್ಯಾಸವೇನು? ಕೊನೆಗೆ ತಗಡಿನ ಛಾವಣಿಗಳಿದ್ದ ಜಾಗಗಳಿಗೆಲ್ಲ ಬೂದು ಬಣ್ಣ ತುಂಬಿದೆ. ನಕ್ಷೆಯ ಮೂಲೆಯಲ್ಲಿ, ಬೂದು ಎಂದರೆ ಇಲ್ಲಿ ಉಪಗ್ರಹದಿಂದ ತಾಪ ತಿಳಿಯದು ಎಂದು ಬರೆದೆ. ಆ ವಠಾರದ ಮೂರು ಮನೆಗಳಲ್ಲೂ ಯಲಹಂಕದ ಮೈದಾನದಲ್ಲೂ ತಾಪವನ್ನು ತಾವೇ ದಾಖಲಿಸಿಕೊಳ್ಳುವ ಪುಟ್ಟ ಮಾಪಕಗಳನ್ನು ತೂಗುಹಾಕಿದೆವು. ಮೈದಾನದ ಬಿಸಿ ಸಂಜೆ ಗಾಳಿಗೆ ಬೇಗ ಇಳಿಯುತ್ತಿತ್ತು. ವಠಾರದ ಕೋಣೆಗಳು ಮಧ್ಯಾಹ್ನ ಹೊರಗಿನ ನೆರಳಿಗಿಂತ ಏಳೆಂಟು ಡಿಗ್ರಿ ಹೆಚ್ಚು ಬಿಸಿಯಾಗಿ, ಕತ್ತಲಾದ ಮೇಲೂ ಆರುತ್ತಿರಲಿಲ್ಲ.

ಸಭೆಯಲ್ಲಿ ಇಲಾಖೆಯ ಹಿರಿಯ ಅಧಿಕಾರಿ ಮೊದಲು ಕೇಳಿದ್ದೇ ಆ ಬೂದು ಬಣ್ಣದ ಬಗ್ಗೆ.

"ಇದೇನ್ರೀ, ಊರಿಗೆಲ್ಲ ಬೂದಿ ಬಳಿದಿದ್ದೀರಾ?"

"ಅಲ್ಲಿ ನಮಗೆ ಗೊತ್ತಾಗಲ್ಲ ಸರ್" ಎಂದೆ. "ಗೊತ್ತಾಗೋಕೆ ಮನೆ ಒಳಗೇ ಅಳೀಬೇಕು. ಅಳೆದಿರೋದು ಇಲ್ಲಿದೆ."

ಅವರು ಮಾಪಕಗಳ ಗೆರೆಗಳನ್ನು ಬೆರಳಿನಿಂದ ಹಿಂಬಾಲಿಸಿ ನೋಡಿದರು. "ಮೈದಾನದಲ್ಲಿ ಯಾರೂ ಮಲಗಲ್ಲ, ಅಲ್ವಾ?" ಎಂದು ತಮಗೆ ತಾವೇ ಹೇಳಿಕೊಂಡರು. ಆದರೂ ಮೈದಾನದ ಕೆಲಸಕ್ಕೆ ಮಂಜೂರಾತಿ ಆಗಲೇ ಆಗಿತ್ತು, ಅದನ್ನು ಕೈಬಿಡಲಾಗದು. ಅದರ ಜೊತೆಗೆ ಈ ಒಂದು ವಠಾರವನ್ನು ಪ್ರಯೋಗವೆಂದು ಸೇರಿಸಲು ಒಪ್ಪಿದರು. ಷರತ್ತು ಒಂದೇ: ಎರಡು ಬೇಸಿಗೆ ಕಳೆಯುವುದರೊಳಗೆ ಉಪಗ್ರಹದ ಚಿತ್ರದಲ್ಲಿ ವ್ಯತ್ಯಾಸ ತೋರಿಸಬೇಕು. ನಾನು ಬಾಯಿ ತೆರೆಯುವ ಮೊದಲೇ ನಿರ್ದೇಶಕರು ಆಗಲಿ ಎಂದುಬಿಟ್ಟರು.

ಹೊರಗೆ ಬಂದ ಮೇಲೆ ಕೇಳಿದೆ. "ಸರ್, ಬಿಸಿ ಅಳೆಯೋ ಚಿತ್ರದ ಒಂದು ಚುಕ್ಕೆ ನೂರು ಮೀಟರ್ ಅಗಲ. ವಠಾರ ಅದರ ಒಂದು ಮೂಲೆಗೂ ಸಾಲಲ್ಲ. ಏನು ಕಾಣತ್ತೆ?"

"ಗೊತ್ತು ಕಣಮ್ಮ. ಮೊದ್ಲು ಗಿಡ ನೆಡ್ರಿ."

ಗಿಡ ನೆಡುವುದಕ್ಕೆ ಜಾಗ ಬೇಕಲ್ಲ? ಎರಡು ಸಾಲುಗಳ ನಡುವೆ ಒಂದು ಸ್ಕೂಟರ್ ತಿರುಗಿಸುವಷ್ಟು ಜಾಗವೂ ಇರಲಿಲ್ಲ. ವಠಾರದ ಹಿಂದಿನ ಕಾಂಪೌಂಡಿನುದ್ದಕ್ಕೂ ಸ್ವಲ್ಪ ಮಣ್ಣಿನ ಪಟ್ಟಿ ಇತ್ತು. ಮಳೆಗಾಲ ಶುರುವಾಗುತ್ತಲೇ ಅಲ್ಲಿ ಹೊಂಗೆ ಸಸಿಗಳನ್ನು ನೆಟ್ಟೆವು. ಅವು ನೆರಳು ಕೊಡಲು ವರ್ಷಗಳೇ ಬೇಕು. ಬೇಗ ಆಗಬೇಕಾದರೆ ಛಾವಣಿಯ ಮೇಲೇ ಹಸಿರು ಬರಬೇಕು. ಡ್ರಮ್ಮುಗಳಲ್ಲಿ ಮಣ್ಣು ತುಂಬಿ ತೊಂಡೆಬಳ್ಳಿ ಹಬ್ಬಿಸೋಣ ಎಂದರು ನನ್ನ ಸಹೋದ್ಯೋಗಿ. ವರ್ಷವಿಡೀ ಇರುವ ಬಳ್ಳಿ, ಎಲೆ ಒತ್ತಾಗಿ ಬರುತ್ತದೆ, ಕಾಯಿಯೂ ಸಿಗುತ್ತದೆ. ಬಳ್ಳಿಗೆ ಶೀಟಿಗಿಂತ ಎತ್ತರದಲ್ಲಿ ಪೈಪಿನ ಚಪ್ಪರ ಹಾಕಬೇಕು ಎಂಬುದೂ ಅವರದೇ ಸೂಚನೆ.

ವಠಾರದ ಮಾಲೀಕರು ಒಪ್ಪಲಿಲ್ಲ. ಆ ಜಾಗ ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲೇ ಇದ್ದ ಮನೆತನ ಅವರದು. ಈಗ ವಠಾರದ ಎದುರಿನ ಮೂರು ಅಂತಸ್ತಿನ ಮನೆಯಲ್ಲಿದ್ದರು.

"ಶೀಟಿನ ಮೇಲೆ ನೀರು ಬಿದ್ರೆ ತುಕ್ಕು ಇಡಿಯಲ್ವಾ? ಪೈಪ್ ನಿಲ್ಸೋಕೆ ಗೋಡೆ ಒಡೀಬೇಕು. ನಮ್ಮಪ್ಪ ಕಟ್ಸಿದ್ ಗೋಡೆ ಅದು, ಸಿಮೆಂಟಲ್ಲ, ಮಣ್ಣು. ಬಿದ್ರೆ ಯಾರ್ ಕಟ್ಟಿಕೊಡ್ತೀರಾ?"

ಪ್ರಶ್ನೆ ನ್ಯಾಯವಾದದ್ದೇ. ಬೇಕಾದರೆ ಶೀಟಿನ ಮೇಲೆ ತಂತಿ ಎಳೆದುಕೊಳ್ಳಿ, ಗೋಡೆ ಮುಟ್ಟಬೇಡಿ ಎಂದರು. ಅಷ್ಟಕ್ಕೇ ಒಪ್ಪಿಕೊಂಡೆವು. ಜುಲೈಯಲ್ಲಿ ನೆಟ್ಟ ಬಳ್ಳಿ ಡಿಸೆಂಬರ್ ಹೊತ್ತಿಗೆ ಅರ್ಧ ಛಾವಣಿ ಮುಚ್ಚಿತು. ಹೊಲಿಗೆಯಾಕೆ ಕೊಯ್ದ ಮೊದಲ ತೊಂಡೆಕಾಯಿಗಳಲ್ಲಿ ಒಂದು ಚೀಲ ನಮಗೂ ಕೊಟ್ಟರು. ಆರ್.ಟಿ. ನಗರದ ನಮ್ಮ ಮನೆಯಲ್ಲಿ ಎರಡು ದಿನ ಅದರದೇ ಪಲ್ಯ. ಕೆಲಸ ಕೈಗೂಡಿತು ಎಂದೇ ನಾನು ನಂಬಿದ್ದೆ.

2018ರ ಮಾರ್ಚ್‌ನಲ್ಲಿ ಆಕೆ ಫೋನ್ ಮಾಡಿದರು. "ಮೇಡಂ, ಬಂದ್ ನೋಡಿ. ಎಲ್ಲಾ ಸುಟ್ಟೋಗೈತೆ."

ತಂತಿ ಶೀಟಿನಿಂದ ಒಂದು ಗೇಣೂ ಮೇಲಿರಲಿಲ್ಲ. ಬಿಸಿಲು ಏರಿದಂತೆ ಬಳ್ಳಿ ಜೋತು ಶೀಟಿಗೆ ತಾಗಿ, ತಾಗಿದಲ್ಲೆಲ್ಲ ಕರಕಲಾಗಿತ್ತು. ಒಣ ಎಲೆಗಳು ಗಾಳಿಗೆ ಉದುರಿ ಕೊಳಾಯಿಯ ಸುತ್ತ ಬಿದ್ದಿದ್ದವು. ಮೂರು ಮನೆಯವರು ಡ್ರಮ್ಮಿನ ಮಣ್ಣು ಸುರಿದು ನೀರು ತುಂಬಿಸಿಕೊಂಡಿದ್ದರು. ನೀರಿನ ಅಭಾವದಲ್ಲಿ ಅದು ತಪ್ಪೆನ್ನಲೂ ಆಗದು. ಆಕೆಯ ಗಂಡ ಹೊಸ್ತಿಲ ಮೇಲೆ ಕೂತಿದ್ದರು. ಕಣ್ಣುಗಳು ಕೆಂಪಾಗಿದ್ದವು.

"ಇನ್ನೊಂದ್ ಸಲ ಮಾಡ್ತೀರಾ ಮೇಡಂ, ಇಲ್ಲ ಇಷ್ಟೇನಾ?" ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕಿತ್ತು, ಅಷ್ಟೇ.

ಮಾಡುತ್ತೇವೆ ಎಂದೆ. ಯಾರನ್ನೂ ಕೇಳದೆ ಕೊಟ್ಟ ಮಾತು ಅದು.

ವಾಪಸ್ ಬರುವಾಗ ನನ್ನ ಸಹೋದ್ಯೋಗಿ ಹೇಳಿದರು, "ಗೋಡೆ ಮುಟ್ಟಂಗಿಲ್ಲ ಅಂದ್ರೆ ಗೋಡೆ ಬಿಟ್ಟೇ ನಿಲ್ಸಾನ ಬಿಡು. ನಮ್ಮಲ್ಲಿ ದ್ರಾಕ್ಷಿ ಚಪ್ಪರಕ್ಕೆ ಇಂಗೇ ಮಾಡಾದು." ನೆಲದಿಂದಲೇ ಕಂಬಗಳು, ಗೋಡೆಯ ಹೊರಗೆ ಡ್ರಮ್ಮುಗಳ ತಳಕ್ಕೆ ಹಾಕಿದ ಕಾಂಕ್ರೀಟಿನಲ್ಲಿ ನಿಲ್ಲಿಸಿದ ಕಬ್ಬಿಣದ ಪೈಪುಗಳು, ಮೇಲೆ ಶೀಟಿನಿಂದ ಎರಡಡಿ ಎತ್ತರದಲ್ಲಿ ಚಪ್ಪರ. ನಡುವೆ ಗಾಳಿಯೂ ಆಡುತ್ತದೆ. ಕಾಗದದ ಮೇಲೆ ಚಿತ್ರ ಬರೆದುಕೊಂಡು ಮಾಲೀಕರ ಮನೆಗೆ ಹೋದೆವು. ಅವರು ಆಗಲೂ ಬೇಡ ಎಂದರು. ನಾನು ಹೆಚ್ಚು ವಾದ ಮಾಡಲಿಲ್ಲ. ಒಮ್ಮೆ ಮಧ್ಯಾಹ್ನ ಆ ಕೊನೆಯ ಮನೆಗೆ ಬನ್ನಿ ಎಂದು ಕೇಳಿಕೊಂಡೆ.

ಬಂದರು. ತಮ್ಮದೇ ವಠಾರದ ಆ ಕೋಣೆಯೊಳಗೆ ಮಧ್ಯಾಹ್ನದ ಹೊತ್ತು ಅವರು ಎಷ್ಟೋ ವರ್ಷದಿಂದ ಕಾಲಿಟ್ಟಿರಲಿಲ್ಲವಂತೆ. ಚಿಕ್ಕವರಿದ್ದಾಗ ಅವರು ಬೆಳೆದದ್ದು ಅದೇ ಕೋಣೆಯಲ್ಲಿ. ಆಗ ಮೇಲಿದ್ದದ್ದು ನಾಡಹೆಂಚು. ಬಾಡಿಗೆಗೆ ಕೊಡುವಾಗ ಶೀಟು ಹಾಕಿಸಿದ್ದರು. ಆಕೆ ಕೊಟ್ಟ ಮಜ್ಜಿಗೆ ಕುಡಿದು ಮುಗಿಸುವುದರೊಳಗೆ ಅವರ ಅಂಗಿ ಬೆನ್ನಿಗಂಟಿತ್ತು. ಹೊರಗೆ ಬಂದು ಮುಖ ಒರೆಸಿಕೊಂಡು, "ಅಪ್ಪನ ಗೋಡೆಗೆ ಒಂದು ಮೊಳೇನೂ ಹೊಡೀಬಾರ್ದು" ಎಂದಷ್ಟೇ ಹೇಳಿದರು. ಒಪ್ಪಿಗೆ ಎಂದು ನಾವು ಅರ್ಥ ಮಾಡಿಕೊಂಡೆವು. ಪೈಪುಗಳನ್ನು ನಿರ್ದೇಶಕರು ಮೈದಾನದ ಕೆಲಸದಲ್ಲಿ ಉಳಿದ ಸಾಮಾನಿನಿಂದ ಕೊಡಿಸಿದರು.

ಆ ಮಳೆಗಾಲದಲ್ಲಿ ಮತ್ತೆ ಬಳ್ಳಿ ನೆಟ್ಟೆವು. ಯಾರೂ ಮತ್ತೆ ಡ್ರಮ್ಮಿನ ಮಣ್ಣು ಸುರಿಯದಿರಬೇಕಾದರೆ ಬೇಸಿಗೆಯಲ್ಲಿ ಮನೆಗಳಿಗೂ ಬಳ್ಳಿಗೂ ನೀರು ಬೇಕು ಎಂದು ವಾರಕ್ಕೊಂದು ಟ್ಯಾಂಕರನ್ನು ಯೋಜನೆಯ ಲೆಕ್ಕದಲ್ಲಿ ಸೇರಿಸಿದೆವು. ಹೊಂಗೆ ಸಸಿಗಳಲ್ಲಿ ಕೆಲವು ಪೈಪ್‌ಲೈನ್ ಅಗೆತದಲ್ಲಿ ಹೋದವು, ಕೆಲವು ಆಳೆತ್ತರ ಬೆಳೆದವು.

2019ರ ಏಪ್ರಿಲ್‌ನಲ್ಲಿ ಕೊನೆಯ ಅಳತೆಗೆ ಹೋದಾಗ ಚಪ್ಪರದಲ್ಲಿ ಅಲ್ಲಲ್ಲಿ ಮಾತ್ರ ಆಕಾಶ ಕಾಣುತ್ತಿತ್ತು. ಬಳ್ಳಿಯ ಕೆಳಗಿನ ಕೋಣೆಗಳು ಹಿಂದಿನದಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ ಇದ್ದವು. ತಂಪು ಎನ್ನುವಂತಿರಲಿಲ್ಲ, ಒಳಗೆ ಇದ್ದು ತಡೆದುಕೊಳ್ಳಬಹುದಾದಷ್ಟು ಬಿಸಿ. ಹೊಲಿಗೆಯಾಕೆ ಬಾಗಿಲಲ್ಲೇ ನನ್ನನ್ನು ತಡೆದು ತುಟಿಯ ಮೇಲೆ ಬೆರಳಿಟ್ಟರು. ಒಳಗೆ ಗೊರಕೆ ಕೇಳಿಸುತ್ತಿತ್ತು. ಒಳಗಿನ ಮಾಪಕವನ್ನು ಆಕೆಯೇ ಬರಿಗಾಲಲ್ಲಿ ಹೋಗಿ ಬಿಚ್ಚಿ ತಂದುಕೊಟ್ಟರು.

ಕಚೇರಿಯಲ್ಲಿ ಎರಡು ವರ್ಷದ ಉಪಗ್ರಹದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟೆ. ವಠಾರವಿದ್ದ ಚುಕ್ಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇದ್ದ ಕೂದಲೆಳೆಯಷ್ಟು ವ್ಯತ್ಯಾಸವೂ ಬಿಸಿಯ ಕಡೆಗಿತ್ತು. ಹೊಳೆಯುವ ತಗಡು ಮುಚ್ಚಿ ಎಲೆ ಬಂದರೆ ಆಗುವುದೇ ಹಾಗೆ. ತಗಡು ತನ್ನ ಬಿಸಿಯನ್ನು ಮರೆಮಾಡುತ್ತದೆ, ಎಲೆ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ.

ವರದಿಯ ಕರಡು ಓದಿ ನಿರ್ದೇಶಕರು ಕನ್ನಡಕ ತೆಗೆದರು.

"ಅಂದ್ರೆ, ಎರಡು ವರ್ಷ ಗಿಡ ಬೆಳೆಸಿ ಬಿಸಿ ಜಾಸ್ತಿ ಮಾಡಿದ್ವಿ ಅಂತ ಬರೀಬೇಕಾ?"

"ಉಪಗ್ರಹದಲ್ಲಿ ವ್ಯತ್ಯಾಸ ಕಾಣಲ್ಲ ಅಂತ ಬರ್ದಿದೀನಿ ಸರ್. ಯಾಕೆ ಕಾಣಲ್ಲ ಅನ್ನೋದೂ ಇದೆ. ಮನೆ ಒಳಗಿನ ಅಳತೆ ಪಕ್ಕದಲ್ಲೇ ಇದೆ."

"ಅವರು ಕೇಳಿದ್ದು ಇದಲ್ಲ."

"ಅಲ್ಲ ಸರ್."

ಮೈದಾನದ ಪುಟ ತಿರುಗಿಸಿದರು. ಅಲ್ಲಿ ಎಲ್ಲವೂ ಚೆನ್ನಾಗಿತ್ತು, ಕೆಂಪು ಇದ್ದದ್ದು ಹಳದಿಯಾಗಿತ್ತು. ಅದೊಂದನ್ನೇ ಕಳಿಸಿ, ವಠಾರದ ಭಾಗವನ್ನು ಕೈಬಿಟ್ಟರೂ ಇಲಾಖೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನಮ್ಮಿಂದ ಷರತ್ತು ಒಪ್ಪಿಸಿಕೊಂಡಿದ್ದ ಆ ಹಿರಿಯ ಅಧಿಕಾರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಆದರೆ ಹಾಗೆ ಕೈಬಿಟ್ಟರೆ ಯೋಜನೆ ಅಲ್ಲಿಗೆ ಮುಗಿಯಿತು, ಟ್ಯಾಂಕರೂ ನಿಂತಿತು ಎಂಬುದು ಇಬ್ಬರಿಗೂ ಗೊತ್ತಿತ್ತು. ಮೇ ತಿಂಗಳು ಇನ್ನೂ ಪೂರ್ತಿ ಬಾಕಿ ಇತ್ತು.

ಅವರು ವಠಾರದ ಪುಟಕ್ಕೆ ಮರಳಿದರು. ನಾನು ಬರೆದಿದ್ದ ಕೊನೆಯ ಸಾಲು ಹೀಗಿತ್ತು: "ಈ ಗಲ್ಲಿಯ ಹಸಿರು ಉಪಗ್ರಹಕ್ಕೆ ಕಾಣಬೇಕಾದರೆ ಅಕ್ಕಪಕ್ಕದ ವಠಾರಗಳಿಗೂ ಹಬ್ಬಬೇಕು, ಅದಕ್ಕೆ ಇನ್ನೂ ಕೆಲವು ವರ್ಷ ಬೇಕು." ಅವರು ಜೇಬಿನಿಂದ ಪೆನ್ನು ತೆಗೆದು ಅದರ ಕೆಳಗೆ ತಮ್ಮ ಕೈಯಲ್ಲೇ ಒಂದು ಸಾಲು ಸೇರಿಸಿ, ಸಹಿ ಮಾಡಿ, ಕಾಗದವನ್ನು ನನ್ನ ಕಡೆಗೆ ಜರುಗಿಸಿದರು.

"ಅಲ್ಲಿಯವರೆಗೆ ನೀರು ನಿಲ್ಲಿಸತಕ್ಕದ್ದಲ್ಲ" ಎಂದಿತ್ತು.